ಮೆಣಸಿನಕಾಯಿ ಇಲ್ಲದ ಸಾರು: ಅಡುಗೆಯ ಮೂಲಕ ಚರಿತ್ರೆ ಕಲಿಸುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ ಭಾಗದ ಶಾಲೆಗಳಲ್ಲಿ ಆಹಾರ ಮೇಳ ಎಂದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ನೋಟ. ಅಂಗಳದಲ್ಲಿ ಬೆಂಚುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಳೆಯ ಸೀರೆ ಹಾಸಿ, ಮನೆಯಿಂದ ಡಬ್ಬಿಗಳಲ್ಲಿ ತಂದ ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಹುರುಳಿಕಾಳಿನ ಬಸ್ಸಾರು, ಕಡಲೆಕಾಯಿ ಚಟ್ನಿ, ಟೊಮೆಟೊ ಗೊಜ್ಜುಗಳನ್ನು ಇಟ್ಟಿರುತ್ತಾರೆ. ಹಿಂದಿನ ಗೋಡೆಯ ಚಾರ್ಟಿನಲ್ಲಿ ‘ನಮ್ಮ ಪೂರ್ವಜರ ಪ್ರಾಚೀನ ಆಹಾರ’ ಎಂದು ಬಣ್ಣದ ಅಕ್ಷರಗಳಿರುತ್ತವೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೂ ಅತಿಥಿಗಳೂ ಒಂದೊಂದು ಚಮಚ ರುಚಿ ನೋಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಬೆಂಚಿನ ಮೇಲಿರುವ ಪದಾರ್ಥಗಳಲ್ಲಿ ರಾಗಿ ಆಫ್ರಿಕಾದಿಂದ ಬಂದದ್ದು, ಸಾರಿನ ಖಾರ, ಚಟ್ನಿಯ ಕಡಲೆಕಾಯಿ, ಗೊಜ್ಜಿನ ಟೊಮೆಟೊ ಮೂರೂ ಅಮೆರಿಕ ಖಂಡಗಳಿಂದ ಬಂದವು ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ದಕ್ಷಿಣ ಭಾರತದ ಮಣ್ಣಿನಲ್ಲೇ ಹೊಸ ಶಿಲಾಯುಗದ ರೈತರ ಕೈಯಲ್ಲಿ ಪಳಗಿ ಬೆಳೆಯಾದದ್ದು ಹುರುಳಿ. ‘ಪ್ರಾಚೀನ’ ಎಂಬ ಮಾತು ನಿಜವಾಗಿ ಒಪ್ಪುವುದು ಅದಕ್ಕೆ. ಆದರೆ ಕುದುರೆಗೂ ಎತ್ತಿಗೂ ಹಾಕುವ ಕಾಳೆಂದು ಅದರ ಡಬ್ಬಿ ಮೂಲೆಯಲ್ಲಿ ಕುಳಿತಿರುತ್ತದೆ.

ಊಟದ ಮೂಲಕ ದೇಶದ ಚರಿತ್ರೆ ಕಲಿಸಬೇಕು ಎಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುವುದಕ್ಕೆ ಕಾರಣಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್ ರಹಿತ ಕಲಿಕೆಯನ್ನು ಸೂಚಿಸಿತು. ನಮ್ಮ ರಾಜ್ಯದಲ್ಲಿ ಸಂಭ್ರಮ ಶನಿವಾರದ ಹೆಸರಿನಲ್ಲಿ ಬ್ಯಾಗ್ ಇಲ್ಲದ ದಿನದ ಚಟುವಟಿಕೆಗಳು ನಡೆಯುತ್ತಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ್ದರಿಂದ ರಾಗಿ, ನವಣೆ, ಸಾಮೆಗಳ ಬಗ್ಗೆ ಶಾಲೆಗಳಲ್ಲೂ ಮಾತು ಎದ್ದಿತು; 2024ರ ಫೆಬ್ರವರಿಯಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆಗೆ ರಾಗಿ ಮಾಲ್ಟ್ ಕೊಡುವುದೂ ಆರಂಭವಾಯಿತು. ಅಂದರೆ ಬಿಡುವಿನ ದಿನವೂ ಇದೆ, ಒಲೆಯೂ ಇದೆ, ಪದಾರ್ಥವೂ ಇದೆ, ಇಲ್ಲದಿರುವುದು ಪ್ರಶ್ನೆ. ತಿನಿಸನ್ನು ತೋರಿಸಿದ ಮಾತ್ರಕ್ಕೆ ಅದು ಚರಿತ್ರೆಯ ಪಾಠವಾಗುವುದಿಲ್ಲ. ಇದು ಎಲ್ಲಿಂದ ಬಂತು, ಯಾವಾಗ ಬಂತು, ಬೆಳೆದವರು ಯಾರು, ಉಂಡವರು ಯಾರು, ಉಣ್ಣಲು ಸಿಗದೆ ಹೋದವರು ಯಾರು ಎಂದು ಕೇಳಿದಾಗ ಮಾತ್ರ ತಟ್ಟೆಯೂ ಶಾಸನದಂತೆ, ಕಡತದಂತೆ ಒಂದು ಆಧಾರವಾಗುತ್ತದೆ. ಈಗ ನಡೆಯುತ್ತಿರುವ ಬಹುಪಾಲು ಮೇಳಗಳಲ್ಲಿ ಇರುವುದು ಹೆಮ್ಮೆ. ಹೆಮ್ಮೆಗೆ ತಾರೀಖು ಬೇಕಾಗಿಲ್ಲ, ಚರಿತ್ರೆಗೆ ಬೇಕು.

ಮೊದಲ ಪಾಠಕ್ಕೆ ನಾನು ಸೂಚಿಸುವುದು ಸಾರು. ಮಂಗರಸನ ಸೂಪಶಾಸ್ತ್ರ 16ನೇ ಶತಮಾನದ ಮೊದಲ ದಶಕದ್ದು. ಕನ್ನಡದಲ್ಲಿ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ಷಟ್ಪದಿಯಲ್ಲಿ ಬರೆದ ಗ್ರಂಥ. ಅದಕ್ಕೂ ಸುಮಾರು ಐನೂರು ವರ್ಷ ಮೊದಲು, 1025ರ ಹೊತ್ತಿಗೆ, ಚಾವುಂಡರಾಯನ ಲೋಕೋಪಕಾರದಲ್ಲೂ ಅಡುಗೆಗೆ ಒಂದು ಭಾಗ ಮೀಸಲಾಗಿತ್ತು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ, ಸೀಬೆ, ಗೋಡಂಬಿ ಇವೆಲ್ಲ ಆ ಹಡಗಿನ ದಾರಿ ತೆರೆದ ಮೇಲೆ ಒಂದೊಂದಾಗಿ ಬಂದವು. ಹಾಗಾದರೆ ಮಂಗರಸನ ಕಾಲದ ಮನೆಯಲ್ಲಿ ಸಾರು ಹೇಗಿದ್ದಿರಬೇಕು? ಎಂಟನೇ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಗಿನ ಮನೆಯ ಸಾರನ್ನೂ ಇನ್ನೊಂದಕ್ಕೆ ಕರಿಮೆಣಸು, ಜೀರಿಗೆ, ಕೊತ್ತಂಬರಿ, ಹುಣಸೆಹಣ್ಣು, ಇಂಗು, ತೊಗರಿಬೇಳೆ ಮಾತ್ರ ಬಳಸಿದ ಸಾರನ್ನೂ ಮಾಡಲು ಹೇಳಿದರೆ, ಸಮುದ್ರ ವ್ಯಾಪಾರದ ಪಾಠ ನಾಲಿಗೆಯ ಮೇಲೇ ಶುರುವಾಗುತ್ತದೆ. ಎರಡನೆಯ ಸಾರು ಮಕ್ಕಳಿಗೆ ಹಿಡಿಸದೆಯೂ ಇರಬಹುದು. ಕೆಂಪು ಬಣ್ಣವಿಲ್ಲ, ಖಾರ ಗಂಟಲಿನಲ್ಲಿ ತಡವಾಗಿ ಹತ್ತುತ್ತದೆ. ನಮ್ಮ ರುಚಿ ಎಂದುಕೊಂಡದ್ದಕ್ಕೂ ಒಂದು ವಯಸ್ಸಿದೆ ಎಂಬುದನ್ನು ಅಲ್ಲಿಂದಲೇ ಹೇಳಿಕೊಡಬಹುದು.

ಇಲ್ಲಿ ಭಾಷೆಯೂ ಸಾಕ್ಷಿ ಹೇಳುತ್ತದೆ. ಮೆಣಸು ಎಂದರೆ ಮೊದಲು ಕಾಳುಮೆಣಸು ಮಾತ್ರ. ಹೊಸ ಕಾಯಿ ಬಂದಾಗ, ಮೆಣಸಿನಂತೆ ಖಾರವಿರುವ ಕಾಯಿ ಎಂದು ಅದನ್ನು ಮೆಣಸಿನಕಾಯಿ ಎಂದರು. ಕೊನೆಗೆ ಹೊಸದೇ ಎಲ್ಲ ಕಡೆ ಹಬ್ಬಿ, ಹಳೆಯ ಮೆಣಸು ತನ್ನ ಹೆಸರಿಗೆ ‘ಕರಿ’, ‘ಕಾಳು’ ಎಂಬ ಗುರುತು ಸೇರಿಸಿಕೊಳ್ಳಬೇಕಾಯಿತು. ಕರಾವಳಿಯಲ್ಲಿ ಅದು ಒಳ್ಳೆಮೆಣಸು. ಸೀಮೆ ಎಂಬ ಮಾತಿನದೂ ಇಂಥದೇ ಕಥೆ. ಸೀಮೆಬದನೆ, ಸೀಮೆಹುಣಸೆ, ಸೀಮೆ ಅಕ್ಕಿ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು: ಮನೆಯ ಹಿರಿಯರ ಬಾಯಿಂದ ಇಂಥ ಪದಗಳನ್ನು ಮಕ್ಕಳು ಒಂದು ವಾರದಲ್ಲಿ ಕಲೆಹಾಕಿದರೆ, ಹೊರಗಿನಿಂದ ಬಂದ ವಸ್ತುಗಳ ಒಂದು ಪಟ್ಟಿಯೇ ಸಿಗುತ್ತದೆ. ಕೋಲಾರದ ತರಗತಿಯಲ್ಲಿ ಇನ್ನೂ ಒಂದು ಅನುಕೂಲವಿದೆ. ಮನೆಯಲ್ಲಿ ತೆಲುಗು ಆಡುವ ಮಗು ಮುದ್ದೆಗೆ ಸಂಗಟಿ ಎನ್ನುತ್ತದೆ, ತಮಿಳು ಆಡುವ ಮಗು ಕಳಿ ಎನ್ನುತ್ತದೆ, ತುಮಕೂರಿನ ಹಳ್ಳಿಯಿಂದ ಬಂದ ಅಜ್ಜಿ ಬರೀ ಹಿಟ್ಟು ಎನ್ನುತ್ತಾರೆ. ಆಲೂಗಡ್ಡೆ ಈ ಕಡೆ ಉರುಳಗಡ್ಡೆಯೂ ಹೌದು, ಕರಾವಳಿಯಲ್ಲಿ ಅದೇ ಪೋರ್ಚುಗೀಸರ ಬಾಯಿಂದ ಬಂದ ಬಟಾಟೆ. ಇದನ್ನು ಭಾಷಾ ಶಿಕ್ಷಕರು ಮತ್ತು ಸಮಾಜ ವಿಜ್ಞಾನದ ಶಿಕ್ಷಕರು ಕೂಡಿ ಮಾಡಬೇಕಾದ ಪಾಠವೆಂದು ನನಗೆ ತೋರುತ್ತದೆ. ವೇಳಾಪಟ್ಟಿ ಅವರಿಬ್ಬರನ್ನು ಒಂದೇ ಕೋಣೆಗೆ ಸೇರಲು ಬಿಡುವುದು ಅಪರೂಪ ಎಂಬುದು ಬೇರೆ ಮಾತು.

ತುಮಕೂರಿನವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಇದೇ ರೀತಿ ಬಳಸಿಕೊಳ್ಳಬಹುದು. ‘ಇಡ್ಡಲಿಗೆ’ ಎಂಬ ಪದ 10ನೇ ಶತಮಾನದ ವಡ್ಡಾರಾಧನೆಯಲ್ಲೇ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ‘ಇಡ್ಡರಿಕ’ ಇದೆ, ಆದರೆ ಅದು ಉದ್ದಿನ ಹಿಟ್ಟಿನ ತಿನಿಸು. ಅಕ್ಕಿ ಬೆರೆಸಿ ರುಬ್ಬಿ ಹುಳಿ ಬರಿಸಿದ ಇಂದಿನ ಇಡ್ಲಿಯಲ್ಲ. ಹೆಸರು ಉಳಿದು ವಸ್ತು ಬದಲಾಗುವುದೂ ಚರಿತ್ರೆಯೇ.

ರಾಗಿಯ ವಿಷಯಕ್ಕೆ ಬಂದರೆ ಪಾಠ ಇನ್ನೂ ಆಳಕ್ಕೆ ಇಳಿಯುತ್ತದೆ. ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಬೆಳೆಯಾಗಿ ಪಳಗಿದ ಈ ಧಾನ್ಯ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು, ಮಳೆ ಕಡಿಮೆಯಾದ, ಕೆಂಪು ಮಣ್ಣಿನ, ನದಿಯಿಲ್ಲದ ನಮ್ಮಂಥ ಸೀಮೆಗಳ ಬೆನ್ನೆಲುಬಾಯಿತು. ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆಗಳನ್ನು ಅಕ್ಕಡಿ ಸಾಲಾಗಿ ಹಾಕುತ್ತಿದ್ದುದನ್ನು ನೋಡಿದರೆ, ತಟ್ಟೆಯಲ್ಲಿ ಮುದ್ದೆಯ ಪಕ್ಕ ಅವರೆಕಾಳಿನ ಸಾರು ಏಕೆ ಬಂತು ಎಂಬುದಕ್ಕೆ ಹೊಲವೇ ಉತ್ತರ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಲು ಕಳಿಸಿದಾಗ, ಅವನು ರಾಗಿಯ ಬೇಸಾಯವನ್ನು ಪುಟಗಟ್ಟಲೆ ಬರೆದುಕೊಂಡ. ಗೆದ್ದ ನಾಡಿನಿಂದ ಎಷ್ಟು ಕಂದಾಯ ಏಳಬಹುದು ಎಂಬ ಲೆಕ್ಕ ಆ ಕುತೂಹಲದ ಹಿಂದೆ ಇತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

16ನೇ ಶತಮಾನದಲ್ಲಿ ಕನಕದಾಸರು ಬರೆದ ರಾಮಧಾನ್ಯ ಚರಿತೆ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಶ್ರೇಷ್ಠ ಧಾನ್ಯ ಯಾವುದೆಂಬ ಜಗಳದಲ್ಲಿ ಅಕ್ಕಿ (ವ್ರೀಹಿ) ರಾಗಿಯನ್ನು (ನರೆದಲಗ) ಹೀಗಳೆಯುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಇದನ್ನು ಉಳ್ಳವರ ಮತ್ತು ಇಲ್ಲದವರ, ಮೇಲು ಮತ್ತು ಕೀಳು ಎನಿಸಿಕೊಂಡವರ ವಾದವಾಗಿ ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ಕಾವ್ಯದ ಒಳಗೊಂದು ರೈತನ ಅನುಭವವೂ ಇದೆ. ನಮ್ಮ ಊರುಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ, ವರ್ಷಗಟ್ಟಲೆ ಇಡುತ್ತಿದ್ದರು. ತೆಗೆಯುವಾಗ ಒಳಗಿನ ಗಾಳಿ ಕೆಟ್ಟಿರುತ್ತದೆಂದು ಮೊದಲು ದೀಪ ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಯುತ್ತಿದ್ದ. ಊರಿನಲ್ಲಿ ಮುಚ್ಚಿಹೋದ ಹಗೇವಿನ ಜಾಗವನ್ನು ತೋರಿಸಬಲ್ಲ ಒಬ್ಬ ಹಿರಿಯರು ಸಿಕ್ಕರೆ, ಕನಕದಾಸರ ಸೆರೆಮನೆ ಮಕ್ಕಳಿಗೆ ಕಣ್ಣೆದುರಿಗೇ ಬರುತ್ತದೆ. ‘ರಾಗಿ ಬ್ರಹ್ಮ’ ಎಂದೇ ಹೆಸರಾದ ವಿಜ್ಞಾನಿ ಲಕ್ಷ್ಮಣಯ್ಯನವರು ಸ್ವಾತಂತ್ರ್ಯಾನಂತರ ಇಲ್ಲಿಯ ರಾಗಿಗೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಬೆಳೆಸಿದ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟದ್ದು ಇದರ ಮುಂದಿನ ಅಧ್ಯಾಯ. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಸಾವಿರಾರು ವರ್ಷ ಅಗಲಿದ್ದ ಎರಡು ಕವಲುಗಳು ಮಂಡ್ಯದ ಪ್ರಯೋಗ ಹೊಲದಲ್ಲಿ ಕೂಡಿದವು.

ಆದರೆ ಹಗೇವು ಬರಿದಾದ ಕಾಲವೂ ಒಂದಿತ್ತು. 1876ರಿಂದ 78ರವರೆಗಿನ ಬರವನ್ನು ಹಳೆಯ ಮೈಸೂರಿನ ಜನ ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನಪಿಟ್ಟುಕೊಂಡಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ನೇರ ಆಡಳಿತದಲ್ಲಿತ್ತು. ಕೋಲಾರ, ತುಮಕೂರು ಜಿಲ್ಲೆಗಳು ತೀವ್ರವಾಗಿ ನೊಂದವು. ಪಠ್ಯಪುಸ್ತಕದಲ್ಲಿ ಹೀಗೆ ಅಂಕಿಗಳನ್ನು ಓದಿದರೆ ಮಗುವಿಗೆ ಏನೂ ಅನ್ನಿಸುವುದಿಲ್ಲ. ತಕ್ಕಡಿ ತಂದರೆ ಅನ್ನಿಸುತ್ತದೆ. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನೆರೆಯ ಮದ್ರಾಸು ಪ್ರಾಂತದ ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಸಾಕಾಗುವಷ್ಟು ಮತ್ತು ಅದರ ಮೇಲೆ ಒಂದಾಣೆಯಂತೆ ಕೂಲಿಯನ್ನು ಇಳಿಸಿದ. ಅಷ್ಟು ಅಕ್ಕಿಯನ್ನು ಮಕ್ಕಳೇ ತೂಗಿ ಒಂದು ಹಾಳೆಯ ಮೇಲೆ ಸುರಿಯಲಿ. ಅದರಲ್ಲಿರುವುದು ಸುಮಾರು 1,600 ಕಿಲೊ ಕ್ಯಾಲೊರಿ. ಅದನ್ನು ತಿಂದು ದಿನವಿಡೀ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್ ಇದು ಸಾಯಿಸುವ ಅಳತೆ ಎಂದು ಪ್ರತಿಭಟಿಸಿದ ಮೇಲೆ ಕೆಲವು ತಿಂಗಳಲ್ಲಿ ಅದನ್ನು ಏರಿಸಬೇಕಾಯಿತು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ ದೆಹಲಿ ದರ್ಬಾರು ನಡೆದದ್ದು ಅದೇ 1877ರ ಜನವರಿ 1ರಂದು, ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಸಾಗುತ್ತಲೇ ಇದ್ದ ಕಾಲದಲ್ಲಿ. ಮಳೆ ಬಾರದಿರುವುದಕ್ಕೂ ಜನ ಸಾಯುವುದಕ್ಕೂ ನಡುವೆ ಆಡಳಿತದ ನಿರ್ಧಾರಗಳಿರುತ್ತವೆ ಎಂಬುದನ್ನು ಹಾಳೆಯ ಮೇಲಿನ ಆ ಅಕ್ಕಿಯಿಂದಲೇ ತಿಳಿಸಬಹುದು.

ಈ ಪಾಠದಲ್ಲಿ ಅಡುಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಬರಗಾಲದ ಊಟವೆಂದು ಗಂಜಿ ಕಾಯಿಸಿ ಮಕ್ಕಳಿಗೆ ಕುಡಿಸುವುದು ಆಟವಾಗಿಬಿಡುತ್ತದೆ. ಅದರ ಬದಲು ಬೆರಕೆ ಸೊಪ್ಪಿನ ಕಡೆಗೆ ಹೋಗಬಹುದು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಏಳುವ ಅಣ್ಣೆ, ಗೋಣಿ, ಗಣಿಕೆ, ಕೀರೆ, ಹೊನಗೊನ್ನೆ ಸೊಪ್ಪುಗಳನ್ನು ಕೂಡಿಸಿ ಮಾಡುವ ಸಾರು ಈ ಭಾಗದಲ್ಲಿ ಈಗ ರುಚಿಯ ಅಡುಗೆ. ಒಂದು ಕಾಲಕ್ಕೆ ದುಡ್ಡಿಲ್ಲದ ಮನೆಯ ಆಸರೆ. ಆ ಸೊಪ್ಪುಗಳ ಗುರುತು ಗೊತ್ತಿರುವುದು ಬಹುಮಟ್ಟಿಗೆ ಕೂಲಿಗೆ ಹೋಗುವ ಹೆಂಗಸರಿಗೆ. ಅಂಥ ಒಬ್ಬ ತಾಯಿಯನ್ನು ಶಾಲೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಮಕ್ಕಳು ಅವರಿಂದ ಕಲಿಯುವಂತಾದರೆ, ತಿಳಿವಳಿಕೆ ಯಾರ ಬಳಿ ಇರುತ್ತದೆ ಎಂಬ ಬಗ್ಗೆ ಪಾಠದಲ್ಲಿ ಬರೆಯದ ಒಂದು ಸಂಗತಿಯೂ ಅವರಿಗೆ ತಿಳಿಯುತ್ತದೆ.

ಉಪ್ಪಿನ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಕನ್ನಡಿಗರೂ ಆ ಕಾನೂನು ಮುರಿದರು ಎಂಬುದನ್ನು ಸೇರಿಸಿದರೆ ಸಾಕು. ಸಮುದ್ರ ಕಾಣದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳ ಮಕ್ಕಳಿಗೆ ಉಪ್ಪು ಎಷ್ಟು ದೂರದಿಂದ ಬರುತ್ತದೆ, ಆದ್ದರಿಂದಲೇ ಅದರ ಮೇಲಿನ ತೆರಿಗೆ ಪ್ರತಿ ಒಲೆಯನ್ನೂ ಹೇಗೆ ಮುಟ್ಟುತ್ತಿತ್ತು ಎಂಬುದು ಇನ್ನೂ ಸುಲಭವಾಗಿ ಅರ್ಥವಾಗಬೇಕು.

ಸ್ವಾತಂತ್ರ್ಯದ ನಂತರದ ಚರಿತ್ರೆಯನ್ನು ಕಲಿಸುವಾಗ ಅಡುಗೆಮನೆ ಎಲ್ಲಕ್ಕಿಂತ ಹೆಚ್ಚು ನೆರವಿಗೆ ಬರುತ್ತದೆ, ಏಕೆಂದರೆ ಸಾಕ್ಷಿಗಳು ಇನ್ನೂ ಬದುಕಿದ್ದಾರೆ. 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಎಂಬ ಕಾನೂನಿನ ಅಡಿಯಲ್ಲಿ ಅಲ್ಲಿಯ ಹೆಚ್ಚುವರಿ ಗೋಧಿ ನಮ್ಮ ದೇಶಕ್ಕೆ ಬರತೊಡಗಿತು. 1965 ಮತ್ತು 66ರ ಬರದ ನಂತರ ಒಂದೇ ವರ್ಷದಲ್ಲಿ ಸುಮಾರು 1 ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಕೇಳಿಕೊಂಡದ್ದು ಆ ದಿನಗಳಲ್ಲೇ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಓದಿದವರನ್ನು ಕೇಳಿದರೆ, ಅಮೆರಿಕದ ನೆರವು ಸಂಸ್ಥೆಯಾದ ಕೇರ್‌ನಿಂದ ಬಂದ ಚೀಲಗಳ ಹಿಟ್ಟು, ನುಚ್ಚು, ಹಾಲಿನ ಪುಡಿಯನ್ನೂ ಮಧ್ಯಾಹ್ನದ ಉಪ್ಪಿಟ್ಟನ್ನೂ ನೆನೆಯುತ್ತಾರೆ. ಆ ಉಪ್ಪಿಟ್ಟಿಗೂ ಅಮೆರಿಕ ಮತ್ತು ರಷ್ಯಾದ ನಡುವಿನ ಶೀತಲ ಸಮರಕ್ಕೂ ಸಂಬಂಧವಿತ್ತು ಎಂದರೆ ಮಕ್ಕಳು ಮಾತ್ರವಲ್ಲ, ತಿಂದ ತಾತಂದಿರೂ ಹುಬ್ಬೇರಿಸುತ್ತಾರೆ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ ಹೊತ್ತಿನಲ್ಲಿ ಅಧ್ಯಕ್ಷ ಜಾನ್ಸನ್ ಧಾನ್ಯದ ಹಡಗುಗಳನ್ನು ಅಳೆದು ತೂಗಿ ಬಿಡುತ್ತಿದ್ದುದರಿಂದಲೇ, ಸ್ವಂತ ಧಾನ್ಯ ಬೆಳೆಯಬೇಕೆಂಬ ಹಟವೂ ಹಸಿರು ಕ್ರಾಂತಿಯೂ ವೇಗ ಪಡೆದವು. ಆ ಕ್ರಾಂತಿಯಲ್ಲಿ ಗೋಧಿಗೂ ಅಕ್ಕಿಗೂ ಸಿಕ್ಕ ಬೀಜ, ನೀರು, ಬೆಂಬಲ ಬೆಲೆ ರಾಗಿಗೆ ಸಿಗಲಿಲ್ಲ. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳು ಎರಡು ತಲೆಮಾರಿನಲ್ಲಿ ಸೊಸೈಟಿ ಅಕ್ಕಿಯ ಮನೆಗಳಾದವು. ಅದನ್ನು ನಷ್ಟವೆಂದು ಮಾತ್ರ ಹೇಳುವುದು ಹೊಟ್ಟೆ ತುಂಬಿದವರ ಮಾತು. ಅನ್ನ ಉಣ್ಣುವುದು ಆ ಮನೆಗಳಿಗೆ ಒಂದು ಮರ್ಯಾದೆಯ ವಿಷಯವೂ ಆಗಿತ್ತು.

ಬಿಸಿಯೂಟ ಈ ಸರಣಿಯ ಕೊನೆಯ ಕೊಂಡಿ, ಪ್ರತಿ ಶಾಲೆಯಲ್ಲೂ ಸಿಗುವ ಪಠ್ಯ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದೆಡೆಗೆ ಬಂತು. 2013ರ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಮಕ್ಕಳ ಹಕ್ಕಾಗಿ ಬರೆಯಿತು. ಹೆಸರಿನಲ್ಲಿರುವ ದಾಸೋಹ 12ನೇ ಶತಮಾನದ ಶರಣರದು. ತುಮಕೂರಿನ ಮಕ್ಕಳಿಗೆ ಅದರ ಅರ್ಥವನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ, ಸಾವಿರಾರು ವಿದ್ಯಾರ್ಥಿಗಳು ಜಾತಿಯ ಭೇದವಿಲ್ಲದೆ ಕುಳಿತು ಉಣ್ಣುವ ಸಿದ್ಧಗಂಗಾ ಮಠ ಊರ ಪಕ್ಕದಲ್ಲೇ ಇದೆ. ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ, ಅದಕ್ಕಿಂತ ದೊಡ್ಡ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ ಎಂಬುದು ನಿಗದಿಯಾದ ಪ್ರಮಾಣ. ಟೆಂಪಲ್ಲನ 450 ಗ್ರಾಂ ತೂಗಿದ ತಕ್ಕಡಿಯಲ್ಲೇ ಇದನ್ನೂ ತೂಗಬಹುದು. ಅದು ದಿನವೆಲ್ಲ ದುಡಿಯುವ ಆಳಿಗೆ ಸರ್ಕಾರ ಕೊಟ್ಟ ಇಡೀ ದಿನದ ಗ್ರಾಸ, ಇದು ಓದಲು ಬಂದ ಮಗುವಿಗೆ ಒಂದು ಹೊತ್ತಿನ ಊಟ. ಪ್ರಜೆಗೂ ಸರ್ಕಾರಕ್ಕೂ ಇರುವ ಸಂಬಂಧ 125 ವರ್ಷಗಳಲ್ಲಿ ಹೇಗೆ ಬದಲಾಯಿತು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಅದೇ ಅಡುಗೆಕೋಣೆಯ ಇನ್ನೊಂದು ಮುಖವನ್ನು ಬಿಟ್ಟು ಪಾಠ ಮುಗಿಸಬಾರದು. ಅಲ್ಲಿ ದುಡಿಯುವವರು ತಿಂಗಳಿಗೆ ಕೆಲವೇ ಸಾವಿರ ಗೌರವಧನ ಪಡೆಯುವ ಹೆಂಗಸರು. ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಮಕ್ಕಳನ್ನು ಊಟಕ್ಕೆ ಬಿಡದ ಪ್ರಸಂಗಗಳು ರಾಜ್ಯದಲ್ಲಿ ವರದಿಯಾಗಿವೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 30ರಷ್ಟಿದ್ದಾರೆ. ಹೋಟೆಲಿನಲ್ಲಿ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ಕಂಡವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಆಹಾರದ ಚರಿತ್ರೆ ಎಂದು ಹೊರಟು, ಯಾರು ಯಾರ ಕೈಯ ನೀರು ಕುಡಿಯುತ್ತಿರಲಿಲ್ಲ ಎಂಬುದನ್ನು ಹೇಳದಿದ್ದರೆ, ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ ಏಕೆ ಬಂತು ಎಂಬುದೂ ಮಕ್ಕಳಿಗೆ ತಿಳಿಯದು. ಮೇಳದ ಬೆಂಚಿನ ಮೇಲೆ ಸಾಮಾನ್ಯವಾಗಿ ಮಾಂಸದ ಅಡುಗೆ ಇರುವುದಿಲ್ಲ. ಅದು ಯಾವ ಸುತ್ತೋಲೆಯಿಂದಲೂ ಬಂದ ನಿಯಮವಲ್ಲ, ಮುಜುಗರವಾದೀತೆಂಬ ಊಹೆಯಿಂದ ಎಲ್ಲರೂ ಪಾಲಿಸುವ ಕಟ್ಟಳೆ. ಬೋಟಿ ಸಾರು, ಉಪ್ಪು ಹಾಕಿ ಒಣಗಿಸಿದ ಮಾಂಸ ತಿನ್ನುವ ಮನೆಯ ಮಗು ಆ ದಿನ ಪಕ್ಕದ ಮನೆಯವರಿಂದ ಚಿತ್ರಾನ್ನ ಮಾಡಿಸಿಕೊಂಡು ಬರುತ್ತದೆ. ಶಿಕ್ಷಕರು ಎಲ್ಲ ಅಡುಗೆಗಳನ್ನೂ ಶಾಲೆಗೆ ತರಿಸಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಅಡುಗೆಯ ಬಗ್ಗೆ ಬರೆಯಲು ಹೇಳುವಾಗ ಯಾವ ಮಗುವೂ ಸುಳ್ಳು ಬರೆಯಬೇಕಾಗದ ವಾತಾವರಣವಿದ್ದರೆ ಸಾಕು. ಇನ್ನೊಂದು ಮಾತು: ಹುಡುಗಿಯರು ಬೇಯಿಸಿ ಹುಡುಗರು ಬಡಿಸಿಕೊಳ್ಳುವ ಮೇಳ ಚರಿತ್ರೆಯನ್ನು ಕಲಿಸದೆ ಮುಂದುವರಿಸುತ್ತದೆ. ಮುದ್ದೆ ಕೋಲು ಹಿಡಿದು ಗಂಟಿಲ್ಲದಂತೆ ಹಿಟ್ಟು ತೊಳಸುವುದು ಎಷ್ಟು ಕಷ್ಟವೆಂದು ಹುಡುಗರಿಗೂ ತೋಳು ನೋಯಲಿ.

ಎಲ್ಲ ಚರಿತ್ರೆಯನ್ನೂ ಪಾತ್ರೆಯೊಳಗೆ ಹಾಕಲು ಬರುವುದಿಲ್ಲ ಎಂಬ ಎಚ್ಚರವೂ ಬೇಕು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಕಲಿಸಲು ಅಡುಗೆಯ ನೆಪ ಬೇಡ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಅಷ್ಟೆ. ಕೆಜಿಎಫ್ ವಿಷಯ ಬೇರೆ. 1880ರಿಂದ ಬ್ರಿಟಿಷ್ ಕಂಪನಿಯ ಗಣಿ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್, 2001ರಲ್ಲಿ ಮುಚ್ಚಿದ ಬಾಗಿಲು ಇವನ್ನೆಲ್ಲ ಪುಸ್ತಕ ಹೇಳುತ್ತದೆ. ತಮಿಳು ಸೀಮೆಯಿಂದ ಬಂದ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಏನು ಬೇಯುತ್ತಿತ್ತು, ಆಂಗ್ಲೋ ಇಂಡಿಯನ್ ಬಂಗಲೆಗಳ ಹಳದಿ ಅನ್ನ ಮತ್ತು ಉಂಡೆ ಮಾಂಸದ ಸಾರು ಹೇಗೆ ಹುಟ್ಟಿತು ಎಂಬುದನ್ನು ಅಲ್ಲಿಯ ಮನೆಗಳೇ ಹೇಳಬೇಕು.

ಶಿಕ್ಷಕರ ಕಷ್ಟವನ್ನು ಅಲ್ಲಗಳೆಯುವಂತಿಲ್ಲ. 40 ನಿಮಿಷದ ಅವಧಿಯಲ್ಲಿ ಒಲೆ ಹಚ್ಚಲು ಆಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡವಿರುವ ಶಾಲೆಯಲ್ಲಿ ಸಾರಿನ ಪಾಠವನ್ನು ಕಾಲಹರಣ ಎನ್ನುವವರೂ ಇದ್ದಾರೆ. ಆದರೆ ಮೇಲೆ ಹೇಳಿದವುಗಳಲ್ಲಿ ನಿಜವಾಗಿ ಬೆಂಕಿ ಬೇಕಾದದ್ದು ಒಂದೋ ಎರಡೋ. ಉಳಿದದ್ದಕ್ಕೆ ತಕ್ಕಡಿ, ನೋಟ್‌ಬುಕ್ ಮತ್ತು ಒಬ್ಬ ಹಿರಿಯರು ಸಾಕು. ಮಕ್ಕಳೇ ಅಂಗಡಿ ಇಟ್ಟು ವ್ಯಾಪಾರ ಮಾಡುವ, ಈಗಾಗಲೇ ಶಾಲೆಗಳಲ್ಲಿ ನಡೆಯುತ್ತಿರುವ ಮೆಟ್ರಿಕ್ ಮೇಳದಲ್ಲೇ ಸೇರು, ಪಾವು, ಚಟಾಕುಗಳನ್ನು ಕಿಲೊ ಮತ್ತು ಲೀಟರಿನ ಪಕ್ಕ ಇಟ್ಟರೆ, 1956ರ ತೂಕ ಮತ್ತು ಅಳತೆಗಳ ಕಾಯ್ದೆ ದೇಶವನ್ನು ಒಂದೇ ಅಳತೆಗೆ ತಂದ ಸಂಗತಿ ಹೇಳಿದಂತಾಯಿತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ, ಅಂದಿನ ಒಂದೇ ಕೋಲಾರ ಜಿಲ್ಲೆಯ ಶಾಸನಗಳಲ್ಲಿ, ಕೆರೆಯ ಕೆಳಗಿನ ಗದ್ದೆಯನ್ನು ಬಿತ್ತುವ ಬೀಜದ ಲೆಕ್ಕದಲ್ಲಿ ಖಂಡುಗ, ಕೊಳಗವೆಂದು ಅಳೆದದ್ದನ್ನು ಓದಿಸಿದರೆ, ಮನೆಯ ಅಟ್ಟದ ಮೇಲಿನ ಹಳೆಯ ಕೊಳಗ ಇದ್ದಕ್ಕಿದ್ದಂತೆ ಸಾವಿರ ವರ್ಷ ಹಿಂದಕ್ಕೆ ಚಾಚುತ್ತದೆ. ಈ ಕೆಲಸಕ್ಕೆ ರೂಪಣಾತ್ಮಕ ಮೌಲ್ಯಮಾಪನದ ಯೋಜನಾ ಕಾರ್ಯದಲ್ಲಿ ಅಂಕ ಕೊಡಲು ಅವಕಾಶವಿದೆ. ಅಂಕ ಕೊಡುವುದು ಮಾತ್ರ ರುಚಿಗೂ ಅಲಂಕಾರಕ್ಕೂ ಆಗಬಾರದು. ಮಗು ಕೇಳಿದ ಪ್ರಶ್ನೆಗೂ ತಂದ ಸಾಕ್ಷಿಗೂ ಆಗಬೇಕು.

ಟೊಮೆಟೊ ಇದಕ್ಕೆ ಒಳ್ಳೆಯ ಪರೀಕ್ಷೆ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ, ಬೇರೆ ವರ್ಷಗಳಲ್ಲಿ ರೈತರು ಅದನ್ನೇ ರಸ್ತೆಗೆ ಸುರಿದದ್ದನ್ನೂ ಮಕ್ಕಳು ಮನೆಯಲ್ಲೇ ಕಂಡಿದ್ದಾರೆ. ಅಮೆರಿಕ ಖಂಡದ ಕಾಯಿ, ಪೋರ್ಚುಗೀಸರ ಹಡಗು, ಈಚಿನ ಬೀಜ ಕಂಪನಿ, ಸಾವಿರ ಅಡಿ ದಾಟಿದ ಕೊಳವೆಬಾವಿ, ದೆಹಲಿಗೆ ಹೋಗುವ ಲಾರಿ: ಇವುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ತನ್ನ ಮನೆಯವರನ್ನು ಅದರಲ್ಲಿ ಎಲ್ಲಿ ಇಡಬೇಕೆಂದು ಹೇಳಬಲ್ಲ ಮಗುವಿಗೆ ಚರಿತ್ರೆ ಅರ್ಥವಾಗಿದೆ ಎನ್ನಬಹುದು.

ಎಲ್ಲಿಂದ ಶುರು ಮಾಡಬೇಕೆಂದು ಕೇಳುವ ಶಿಕ್ಷಕರಿಗೆ ನನ್ನ ಉತ್ತರ, ಉಪ್ಪಿಟ್ಟಿನಿಂದ. ಮೆಣಸಿನಕಾಯಿಯ ಕಥೆ ಮುಂದಿನ ವರ್ಷಕ್ಕೂ ಇರುತ್ತದೆ, ಶಾಸನದ ಕಲ್ಲೂ ಇರುತ್ತದೆ. ಶಾಲೆಯ ಹಜಾರದಲ್ಲಿ ಸಾಲಾಗಿ ಕುಳಿತು, ಮನೆಯಿಂದ ತಂದ ತಟ್ಟೆಯಲ್ಲಿ ಅಮೆರಿಕದ ಹಿಟ್ಟಿನ ಉಪ್ಪಿಟ್ಟು ತಿಂದವರಿಗೆ ಈಗ ಅರವತ್ತೋ ಎಪ್ಪತ್ತೋ ಆಗಿದೆ. ಬರುವ ಅವರೆಕಾಯಿ ಸುಗ್ಗಿಯ ಹೊತ್ತಿಗೆ, ಸಂಜೆ ಜಗಲಿಯ ಮೇಲೆ ಕಾಳು ಹಿತುಕುತ್ತ ಕೂರುವ ಅವರ ಪಕ್ಕದಲ್ಲಿ ಒಂದೊಂದು ಮಗು ನೋಟ್‌ಬುಕ್ ಹಿಡಿದು ಕುಳಿತರೆ ಮೊದಲ ಪಾಠಕ್ಕೆ ಬೇಕಾದದ್ದು ಸಿಗುತ್ತದೆ.